ಗೊರವಂಕ ಇಟ್ಟುಕೊಂಡ ಸಿಳ್ಳು

ಬೆಳಕು ಹರಿಯುವ ಮುನ್ನ ಹಂಪವ್ವನಿಗೆ ಗಂಡನ ಸಿಳ್ಳು ಕೇಳಿತು.

ನಿದ್ದೆಗಣ್ಣಿನಲ್ಲೇ ಎದ್ದು ಒಲೆಯ ಮುಂದೆ ಹೋಗಿ ಕೂತಳು. ತಗ್ಗಿನಿಂದ ಏರಿ, ನಡುವೆ ಒಂದು ಗುಟುಕು ತಡೆದು, ಆಮೇಲೆ ಉದ್ದಕ್ಕೆ ಇಳಿದು ಹೋಗುವ ಆ ಸಿಳ್ಳು ಕೇಳಿತೆಂದರೆ ಒಲೆಯ ಮೇಲೆ ಹಂಚು ಇಡುವುದು ಅವಳ ಕೈಗೆ ಹತ್ತಿದ ರೂಢಿ. ಸಿಳ್ಳು ಬಂದರೆ ಗಾಳೆಪ್ಪ ಬಂದ. ಗಾಳೆಪ್ಪ ಬಂದರೆ ರೊಟ್ಟಿ ಬಿಸಿ ಇರಬೇಕು. ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ, ಮಗಳು ರಂಜಿತಾ ಹುಟ್ಟಿ ಬೆಳೆದು ಕುಷ್ಟಗಿಯ ಹಾಸ್ಟೆಲಿಗೆ ಹೋಗುವವರೆಗೂ ಪ್ರತಿ ಸಂಜೆ ಹೀಗೇ ನಡೆದುಬಂದಿತ್ತು. ಒಂದು ಪುಳ್ಳೆ ಮುರಿದು ಒಲೆಗಿಡುವ ಹೊತ್ತಿಗೆ ಅವಳಿಗೆ ಪೂರ್ತಿ ಎಚ್ಚರವಾಯಿತು. ಇದು ಸಂಜೆಯಲ್ಲ. ಗಾಳೆಪ್ಪ ಹೊರಗೂ ಇಲ್ಲ. ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕಣ್ಣು ತೆರೆದುಕೊಂಡೇ ಮಲಗಿದ್ದಾನೆ, ಕುತ್ತಿಗೆಯ ತೂತಿನ ಮೇಲೆ ಹಾಸಿದ ಬಿಳಿ ಬಟ್ಟೆ ಉಸಿರಿಗೆ ಮೇಲೆ ಕೆಳಗೆ ಆಡುತ್ತಿದೆ.

ಯುಗಾದಿ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ಆಪರೇಶನ್ ಆಗಿತ್ತು. ಗಂಟಲಲ್ಲಿ ಬೆಳೆದಿದ್ದ ರೋಗದ ಜೊತೆಗೆ ದನಿಯನ್ನೂ ತೆಗೆದರು. ಈ ಗುಡ್ಡದಿಂದ ಆ ಗುಡ್ಡಕ್ಕೆ ಕೂಗಿ ಕುರಿ ಕರೆಯುತ್ತಿದ್ದ ಮನುಷ್ಯ. ಈಗ ಬಾಯಿ ಇದೆ, ತುಟಿ ಇದೆ, ನಾಲಿಗೆ ಇದೆ. ಉಸಿರು ಮಾತ್ರ ಕುತ್ತಿಗೆಯಲ್ಲೇ ಹೊರಗೆ ಹೋಗಿಬಿಡುತ್ತದೆ, ತುಟಿಯ ತನಕ ಬರುವುದೇ ಇಲ್ಲ. ಒಂದು ದೀಪ ಆರಿಸುವಷ್ಟು ಗಾಳಿಯೂ ಅವನ ಬಾಯಿಂದ ಹೊರಡದು.

ಸಿಳ್ಳು ಮತ್ತೆ ಕೇಳಿತು.

ಬಾಗಿಲು ತೆರೆದು ಹೊರಗೆ ಬಂದಳು. ಮನೆಯ ಮಗ್ಗುಲಲ್ಲೇ ಮುಳ್ಳುಬೇಲಿಯ ಕುರಿಹಟ್ಟಿ, ಹಟ್ಟಿಯ ಮೇಲೆ ಬಗ್ಗಿದ ಹಳೇ ಬೇವಿನಮರ. ಮಂಜೋ ಧೂಳೋ ತಿಳಿಯದ ಒಂದು ತೆಳು ಬೆಳಕು ಕುರಿಗಳ ಬೆನ್ನ ಮೇಲೆ ನಿಂತಿತ್ತು. ಆ ಬೆಳಕಿನಲ್ಲಿ ಕುರಿಗಳು ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಗುತ್ತದೆ ಎಂಬುದು ಕಾಣುತ್ತಿರಲಿಲ್ಲ. ಬೇವಿನ ಕೊಂಬೆಯ ಮೇಲೆ ಒಂದು ಗೊರವಂಕ ಕೂತಿತ್ತು. ಹಳದಿ ಕೊಕ್ಕು, ಕಣ್ಣಿನ ಸುತ್ತ ಹಳದಿ ಬಳೆ. ಅದು ಕುತ್ತಿಗೆಯ ಗರಿ ಉಬ್ಬಿಸಿ, ತಲೆ ಒಂದಿಷ್ಟು ಬಗ್ಗಿಸಿ, ಗಾಳೆಪ್ಪನ ಸಿಳ್ಳನ್ನು ಗಾಳೆಪ್ಪನ ಹಾಗೇ ಹಾಕಿತು. ನಡುವಿನ ಗುಟುಕು ಕೂಡ ಬಿಟ್ಟಿರಲಿಲ್ಲ.

ಹಂಪವ್ವ ಅಲ್ಲೇ ಕುಸಿದು ಕೂತಳು. ದುಃಖವೋ ಸಂತೋಷವೋ ಅವಳಿಗೇ ತಿಳಿಯಲಿಲ್ಲ. ಮನೆಯಲ್ಲಿ ಸತ್ತುಹೋಯಿತೆಂದು ಅತ್ತದ್ದು ಮರದ ಮೇಲೆ ಜೀವಂತ ಕೂತಿದ್ದರೆ ಯಾರಿಗಾದರೂ ಏನು ತಿಳಿದೀತು?

ಅವಳ ಅತ್ತೆ ಮುದಕಮ್ಮ ಆಗಲೇ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಮುದುಕಿಗೆ ನಿದ್ದೆ ಕಡಿಮೆ, ನಾಲಿಗೆ ಚುರುಕು.

"ಅತ್ತಿ, ಕೇಳಿದ್ಯಾ? ಅಂವನ ದನಿ ಗಿಡದಾಗ ಕುಂತೈತಿ."

"ಕೇಳೇನಿ. ಭಾಳ ದಿನದಿಂದ ಕೇಳಾಕತ್ತೀನಿ. ನೀ ಅಳೂದು ಮುಗೀಲಿ ಅಂತ ಸುಮ್ನಿದ್ದೆ," ಎಂದಳು ಮುದಕಮ್ಮ. "ಆ ಹಕ್ಕಿಯವರ ಮನಿತಾನ ಹುಟ್ಟಿ ಬೆಳದದ್ದ ಈ ಗಿಡದ ಪೊಟರ್‍ಯಾಗ. ದಿನಾ ಸಂಜೀಕ ನನ್ನ ಮಗನ ಸಿಳ್ಳು ಕೇಳಿಕೊಂತ ಗೂಡಿಗೆ ಹೋಗ್ಯಾವು. ಕಲೀದ ಏನ್ ಮಾಡ್ತಾವು? ನೀ ನಮ್ಮ ಮನಿಗೆ ಬಂದು ನಮ್ಮ ಮಾತು ಕಲೀಲಿಲ್ಲೇನು?"

ಪಡಸಾಲೆಯಿಂದ ಗಾಳೆಪ್ಪ ಎದ್ದು, ಟೈರಿನ ಚಪ್ಪಲಿ ಮೆಟ್ಟಿಕೊಂಡು ಬಂದ. ಮರದ ಕಡೆ ನೋಡಿದ. ಅವನೂ ಇಷ್ಟು ದಿನ ಅದನ್ನು ಕೇಳುತ್ತಲೇ ಮಲಗಿರುತ್ತಿದ್ದ ಎಂಬುದು ಅವನ ಮುಖ ಕಂಡಾಗ ಹಂಪವ್ವನಿಗೆ ಗೊತ್ತಾಯಿತು. ಅವನು ಬಗ್ಗಿ ಒಂದು ಕಲ್ಲು ಆರಿಸಿ ಬೀಸಿದ. ಕಲ್ಲು ಕೊಂಬೆಗೆ ತಾಗಿತು, ಹಕ್ಕಿ ಹಾರಿತು. ತನ್ನನ್ನು ಅಣಕಿಸುತ್ತಿದೆ ಎಂದು ಅವನ ಸಿಟ್ಟು. ಇನ್ನೊಂದು ಕಲ್ಲಿಗೆ ಬಗ್ಗುವಷ್ಟರಲ್ಲಿ ಹಂಪವ್ವ ಅವನ ಕೈ ಹಿಡಿದಳು.

*

ಆ ವರ್ಷ ಕುರಿಗಳಿಗೆ ಒಂದು ವಿಚಿತ್ರ ರೋಗ ಬಂದಿತ್ತು: ಬೆಳಗ್ಗೆ ಏಳುತ್ತಿರಲಿಲ್ಲ.

ಗಾಳೆಪ್ಪನ ತಮ್ಮ ಹುಲಿಗೆಪ್ಪ ಹಿಂಡನ್ನು ನೋಡಿಕೊಳ್ಳುತ್ತಿದ್ದ. ಕೆಟ್ಟವನಲ್ಲ. ಅಣ್ಣನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಬಂದವನೂ ಅವನೇ, ಆಸ್ಪತ್ರೆಯ ಹೊರಗೆ ಟವೆಲ್ ಹಾಸಿ ಮಲಗಿದವನೂ ಅವನೇ. ಆದರೆ ಅವನ ತಾಳ್ಮೆ ಚಿಕ್ಕದು, ಗಂಟಲು ದೊಡ್ಡದು. ಬೆಳಗಿನ ತಂಪಿನಲ್ಲಿ ಹಿಂಡು ಗುಡ್ಡ ಹತ್ತಿರಬೇಕು. ಇಲ್ಲಿ ನೋಡಿದರೆ ಸೂರ್ಯ ಮೇಲೆ ಬಂದರೂ ಕುರಿಗಳು ಹಟ್ಟಿಯಲ್ಲೇ ಕಾಲು ಮಡಚಿ ಮೆಲುಕು ಹಾಕುತ್ತಿರುತ್ತಿದ್ದವು. ಅವನು ಹುರ್ರೋ ಹುರ್ರೋ ಎಂದು ಒದರುತ್ತಿದ್ದ. ಮರಿಗಳು, ಎಳೆಯ ಕುರಿಗಳು ಎದ್ದು ಅವನ ಹಿಂದೆ ಹೋಗುತ್ತಿದ್ದವು. ಹಳೆಯ ಕುರಿಗಳು, ಅದರಲ್ಲೂ ಹಿಂಡಿನ ಮುಂದೆ ನಡೆಯುವ ಕೆಂದಿ ಎಂಬ ಕೆಂಪು ಕುರಿ, ಅವನ ಮುಖ ನೋಡಿ ಮತ್ತೆ ಕಣ್ಣು ಮುಚ್ಚುತ್ತಿದ್ದವು.

ಶ್ರಾವಣ ಮುಗಿಯುವ ಹೊತ್ತಿಗೆ ಹುಲಿಗೆಪ್ಪ ಸೋತ. ಒಂದು ಮುಂಜಾನೆ ಅಣ್ಣನ ಮುಂದೆ ಬಂದು ಕೂತ.

"ಅಣ್ಣಾ, ಹಿಂಡು ಕೆಟ್ಟೈತಿ. ಎಬ್ಬಿಸಿ ಎಬ್ಬಿಸಿ ನನ್ನ ಗಂಟ್ಲಾ ಹರದೈತಿ. ದೀಪಾವಳಿ ಆದ ಮ್ಯಾಲೆ ಗಂಗಾವತಿ ಕಡೆ ಇಳೀಬೇಕು, ಕಾಲುವಿ ಸೀಮಿಯವರು ಭತ್ತ ಕೊಯ್ದು, ಗೊಬ್ಬರಕ್ಕ ಗದ್ದ್ಯಾಗ ಹಿಂಡು ನಿಂದ್ರಸ್ಲಿ ಅಂತ ದಾರಿ ಕಾಯ್ತಾರ. ಈ ನಮೂನಿ ಹಿಂಡು ಹೊಡಕೊಂಡು ನಾ ಎಲ್ಲಿ ಹೋಗ್ಲಿ? ಪಾಲು ಮಾಡೋಣು. ಅರ್ಧ ಎಣಿಸಿ ನಿನಗ ಕೊಟ್ಟು ಬಿಡ್ತೀನಿ."

ಗಾಳೆಪ್ಪ ಬೆರಳು ಒಂದೊಂದೇ ಮಡಚಿ ಎಣಿಸುವ ಹಾಗೆ ಮಾಡಿದ, ಆಮೇಲೆ ಆ ಬೆರಳುಗಳನ್ನು ಕಸದ ಹಾಗೆ ಕೊಡವಿದ. ಕಿವಿಯ ಹಿಂದೆ ಅಂಗೈ ಇಟ್ಟು ತೋರಿಸಿದ.

ಜೊತೆಗೆ ಬಂದಿದ್ದ ಆದೆಪ್ಪಜ್ಜ ಅದನ್ನು ಬಿಡಿಸಿ ಹೇಳಿದ. ಸುತ್ತಲಿನ ಕುರುಬರ ಮನೆಗಳಲ್ಲಿ ಎಲ್ಲರಿಗಿಂತ ಹಿರಿಯ ಅವನೇ, ಪಾಲು ಮಾಡಿಸುವವನೂ ಅವನೇ. "ಎಣಿಸಿ ಕೊಡೂದು ಬ್ಯಾಡಂತ. ಕರೆದ್ರ ಬಂದಷ್ಟ ಅಂವಂದಂತ. ನಿಮ್ಮ ಅಪ್ಪನ ಕಾಲದಾಗ ಹೆಂಗಾಗಿತ್ತೋ ಹಂಗ."

ಆ ಮನೆತನದಲ್ಲಿ ಹಿಂಡು ಪಾಲಾಗುವುದು ಹಾಗೇ. ಕುರಿಗಳನ್ನು ಬಯಲಿನ ನಡುವೆ ಬಿಡುತ್ತಾರೆ. ಅಣ್ಣ ಒಂದು ತುದಿ, ತಮ್ಮ ಇನ್ನೊಂದು ತುದಿ. ಇಬ್ಬರೂ ಹಿಂಡಿಗೆ ಬೆನ್ನು ಮಾಡಿ ನಿಂತು ಕರೆಯುತ್ತಾರೆ, ಕರೆಯುತ್ತಲೇ ತಮ್ಮ ತಮ್ಮ ದಾರಿ ಹಿಡಿದು ನಡೆಯುತ್ತಾರೆ. ಯಾರ ಹಿಂದೆ ಯಾವುದು ಹೋಯಿತೋ ಅದು ಅವರದು. ಕುರಿಯನ್ನು ಮನುಷ್ಯ ಎಣಿಸಿ ಹಂಚಿಕೊಳ್ಳುವುದು ಸಂತೆಯ ಮಾತು. ಹಟ್ಟಿಯಲ್ಲಿ ಕುರಿಯೇ ತನ್ನ ಮನುಷ್ಯನನ್ನು ಆರಿಸಿಕೊಳ್ಳಬೇಕು ಎಂಬುದು ಅವರ ನಂಬಿಕೆ. ಒಳ್ಳೆಯ ನಂಬಿಕೆಯೇ. ಆದರೆ ಕರೆಯಲು ದನಿ ಇಲ್ಲದವನು ಅದನ್ನೇ ಹಟ ಹಿಡಿದು ಕೇಳಿದರೆ ಅದಕ್ಕೆ ಏನೆನ್ನಬೇಕು?

ಸಂಜೆ ಹಂಪವ್ವ ಕೇಳಿಯೇ ಬಿಟ್ಟಳು. "ಕರಿಯಾವ್ರು ಯಾರು? ನೀನಾ?"

ಗಾಳೆಪ್ಪ ಯಲಬುರ್ಗಾ ದಾರಿಯ ಗುಡ್ಡದ ಸಾಲಿನ ಕಡೆ ಕೈ ತೋರಿಸಿದ. ಅಲ್ಲಿ ಹೊಸದಾಗಿ ಎದ್ದ ಗಾಳಿಕಂಬಗಳು ನಿಧಾನಕ್ಕೆ ತಿರುಗುತ್ತಿದ್ದವು. ಕುರಿ ಹೋದರೆ ಹೋಗಲಿ, ಅಲ್ಲಿ ವಾಚಮನ್ ಆಗುತ್ತೇನೆ ಎಂದು ಅದರ ಅರ್ಥ. ಕಳ್ಳ ಬಂದರೆ ಕೂಗಲು ಬಾರದ ವಾಚಮನ್ನನನ್ನು ಯಾವ ಕಂಪನಿಯವರು ಇಟ್ಟುಕೊಳ್ಳುತ್ತಾರೋ ದೇವರೇ ಬಲ್ಲ. ಹಂಪವ್ವನಿಗೆ ನಗು ಬರಲಿಲ್ಲ. ಈ ಮನುಷ್ಯನಿಂದ ಕುರಿಗಳನ್ನು ಕಳೆದರೆ ಉಳಿಯುವುದು ಒಂದು ಕಂಬಳಿ ಮಾತ್ರ, ಅದರೊಳಗೆ ಯಾರೂ ಇರುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹುಲಿಗೆಪ್ಪ ಎಣಿಸಿ ಕೊಟ್ಟರೂ ಅಷ್ಟೇ. ಕರೆಗೆ ಬಾರದ ಕುರಿಯ ಹಿಂದೆ ಕೋಲು ಹಿಡಿದು ಓಡುವವನಾಗಿ ಗಾಳೆಪ್ಪ ಬದುಕಲಾರ.

"ನನಗ ಕಲಸು," ಎಂದಳು. "ನಾ ಕರೀತೀನಿ."

ಅವನು ಗೋಡೆಯ ಕಡೆ ಮಗ್ಗುಲಾದ.

*

ಗಂಡ ಕಲಿಸದಿದ್ದರೆ ಗಂಡನಿಂದ ಕಲಿತವರು ಕಲಿಸುತ್ತಾರೆ. ಹಂಪವ್ವ ಬೇವಿನಮರದ ಬುಡಕ್ಕೆ ಹೋಗಿ ಕೂತಳು.

ಹೆಣ್ಣುಮಕ್ಕಳು ಸಿಳ್ಳು ಹಾಕಬಾರದು ಎಂದು ಊರಲ್ಲಿ ಇತ್ತು. ಅವಳು ಅದನ್ನು ಅತ್ತೆಯ ಮುಂದೆ ಅಳುಕುತ್ತಲೇ ತೆಗೆದಳು. ಮುದಕಮ್ಮ ಬಾಯಿಯ ಎಲೆ ಆ ಕಡೆ ಈ ಕಡೆ ಮಾಡಿ ಹೇಳಿದಳು, "ಆ ಹಕ್ಕಿ ಗಂಡೋ ಹೆಣ್ಣೋ ಯಾರರ ಎತ್ತಿ ನೋಡ್ಯಾರೇನು? ಹೋಗಿ ಕಲಿ. ಯಾರರ ಕೇಳಿದ್ರ ನನ್ನ ಹಂತ್ಯಾಕ ಕಳಸು."

ಹುಲಿಗೆಪ್ಪ ಹಿಂಡು ಹೊಡೆದುಕೊಂಡು ಹೋದ ಮೇಲೆ, ಗಾಳೆಪ್ಪ ಪಡಸಾಲೆಯ ಆ ತುದಿಯಲ್ಲಿ ಕಣ್ಣು ಮುಚ್ಚಿದ ಮೇಲೆ, ಹಟ್ಟಿಯ ಕಡೆ ಯಾರೂ ಇರುತ್ತಿರಲಿಲ್ಲ. ಸೆರಗಿನಲ್ಲಿ ರೊಟ್ಟಿಯ ಚೂರು ಕಟ್ಟಿಕೊಂಡು ಹೋಗಿ ಕೂರುತ್ತಿದ್ದಳು. ಗೊರವಂಕ ಮೊದಲು ದೂರದಿಂದ ಅವಳನ್ನು ಒಂದು ಕಣ್ಣಿನಲ್ಲಿ ನೋಡಿತು, ಆಮೇಲೆ ತಲೆ ತಿರುಗಿಸಿ ಇನ್ನೊಂದು ಕಣ್ಣಿನಲ್ಲೂ ನೋಡಿತು. ಎರಡು ಕಣ್ಣಿಗೂ ಒಪ್ಪಿಗೆಯಾದ ಮೇಲೆ ಬೇಲಿಗೆ ಇಳಿಯಿತು, ಆಮೇಲೆ ನೆಲಕ್ಕೆ. ಅವಳು ತುಟಿ ಕೂಡಿಸಿ ಊದಿದಳು. ಬಂದದ್ದು ಬರೀ ಗಾಳಿ, ಒಲೆ ಊದಿದ ಹಾಗೆ. ಹಕ್ಕಿ ತುಂಡು ಎತ್ತಿಕೊಂಡು ಕೊಂಬೆಗೆ ಹೋಗಿ, ನುಂಗಿ, ಕೊಕ್ಕು ತಿಕ್ಕಿಕೊಂಡು, ಹೀಗೆ ಎನ್ನುವ ಹಾಗೆ ಒಮ್ಮೆ ಹಾಕಿ ತೋರಿಸಿತು.

ಪೊಟರೆಯಿಂದ ಆಗ ತಾನೇ ಹೊರಬಿದ್ದ ಒಂದು ಮರಿಯೂ ಇತ್ತು. ಅದಕ್ಕೂ ಅದೇ ಪಾಠ. ತಾಯಿಯೋ ತಂದೆಯೋ ಹಾಕಿದ ಸಿಳ್ಳನ್ನು ಅದು ಅರ್ಧಕ್ಕೆ ಬಿಟ್ಟು ಕೀಚ್ ಎನ್ನುತ್ತಿತ್ತು. ಹಂಪವ್ವನೂ ಅರ್ಧಕ್ಕೇ ತಪ್ಪುತ್ತಿದ್ದಳು. ಆ ನಡುವಿನ ಗುಟುಕಿನ ಹತ್ತಿರ ಬಂದರೆ ಇಬ್ಬರಿಗೂ ದಿಕ್ಕು ತಪ್ಪುತ್ತಿತ್ತು. ಒಂದೇ ತರಗತಿಯಲ್ಲಿ ಕೂತ ಇಬ್ಬರು ದಡ್ಡರ ಹಾಗೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ದೊಡ್ಡ ಹಕ್ಕಿಗೆ ಬೇಸರವಿರಲಿಲ್ಲ. ಮತ್ತೆ ಹಾಕುತ್ತಿತ್ತು, ಮತ್ತೆ ಕೇಳುತ್ತಿತ್ತು.

ಮಧ್ಯಾಹ್ನದ ಬಿಸಿಲಿನಲ್ಲಿ ಅಲ್ಲಿ ಕೂತಿರುವಾಗ ಅವಳಿಗೆ ಎಚ್ಚರ ಯಾವುದು ಜೊಂಪು ಯಾವುದು ಎಂಬುದು ಹಗುರಾಗಿ ಕಲೆತುಹೋಗುತ್ತಿತ್ತು. ಬೇವಿನ ಎಲೆಯ ನೆರಳು ಸೀರೆಯ ಮೇಲೆ ನಡೆದಾಡುತ್ತಿತ್ತು. ಕಣ್ಣು ಮುಚ್ಚಿದರೆ ಸಿಳ್ಳು ಹಾಕುವವನು ಹದಿಹರೆಯದ ಗಾಳೆಪ್ಪ. ಇನ್ನೂ ಅವಳು ಕಾಣದ ಗಾಳೆಪ್ಪ, ಕರೀ ಕಂಬಳಿಯ ಗೊಪ್ಪೆ ತಲೆಗೆ ಹಾಕಿಕೊಂಡು ಗುಡ್ಡದ ಬಂಡೆಯ ಮೇಲೆ ನಿಂತವನು. ಅವನ ಹಿಂದೆ ಅವನ ಅಪ್ಪ, ಅಪ್ಪನ ಹಿಂದೆ ಅಜ್ಜ. ಎಲ್ಲರ ತುಟಿಯಲ್ಲೂ ಅದೇ ಸಿಳ್ಳು. ಎಲ್ಲರ ಮುಂದೆಯೂ ಒಂದು ಕೆಂಪು ಕುರಿ, ಎಲ್ಲರ ತಲೆಯ ಮೇಲೂ ಒಂದು ಗೊರವಂಕ. ಯಾರು ಯಾರಿಂದ ಕಲಿತರು ಎಂದು ಅವಳು ಕೇಳಬೇಕೆನ್ನುತ್ತಿದ್ದಳು. ಅಜ್ಜ ಹಕ್ಕಿಯ ಕಡೆ ಕೈ ಮಾಡುತ್ತಿದ್ದ, ಹಕ್ಕಿ ಅಜ್ಜನ ಕಡೆ ನೋಡುತ್ತಿತ್ತು. ಕಣ್ಣು ಬಿಟ್ಟರೆ ಬರೀ ನೆರಳು, ರೊಟ್ಟಿಯ ಚೂರು, ಇರುವೆ ಸಾಲು.

ಒಂದು ದಿನ ಅವಳು ಮೊದಲ ಅರ್ಧ ಹಾಕಿ ಉಸಿರು ಸಾಲದೆ ನಿಂತಳು. ಮೇಲಿನಿಂದ ಹಕ್ಕಿ ಉಳಿದ ಅರ್ಧವನ್ನು ಮುಗಿಸಿತು. ಸಿಳ್ಳು ಎಲ್ಲಿಯೂ ತುಂಡಾಗಲಿಲ್ಲ. ಹಂಪವ್ವ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆಪರೇಶನ್ ಆದಾಗಿನಿಂದ ಗಂಡನ ಕಡೆಯಿಂದ ಅವಳ ಯಾವ ಮಾತಿಗೂ ಹೀಗೆ ಒಂದು ಮರುಮಾತು ಬಂದಿರಲಿಲ್ಲ.

ಮಹಾನವಮಿಗೆ ನಡುವಿನ ಗುಟುಕು ದಕ್ಕಿತು. ಅವಳಿಗಿಂತ ಮೊದಲು ಮರಿಗೆ ದಕ್ಕಿತ್ತು, ಆ ಮಾತು ಬೇರೆ. ಹಳ್ಳದ ಆಚೆ ಹೋಗಿ, ಯಾರೂ ಇಲ್ಲದ ಕಡೆ ನಿಂತು, ಗಟ್ಟಿಯಾಗಿ ಹಾಕಿ ನೋಡಿದಳು. ದಂಡೆಯ ಜಾಲಿಯ ಮೇಲಿನ ಬೇರೆ ಗೊರವಂಕಗಳು ಒಮ್ಮೆಗೇ ಸುಮ್ಮನಾದವು.

*

ದೀಪಾವಳಿಯ ಮರುದಿನ ಊರ ಹೊರಗಿನ ಬಯಲಿನಲ್ಲಿ ಪಾಲು. ಹಬ್ಬಕ್ಕೆ ಕುರಿಗಳ ಮೈ ತೊಳೆದು, ಕೊಂಬಿಗೆ ಚೆಂಡುಹೂ ಸುತ್ತಿದ್ದರು. ಸಂಜೆಗೆ ಇನ್ನೂ ಹೊತ್ತಿತ್ತು, ಬಿಸಿಲು ಮಾತ್ರ ಆಗಲೇ ಬಣ್ಣ ಬದಲಿಸಿ ಹುಲ್ಲಿನ ತುದಿಯಲ್ಲಿ ಜೇನಿನ ಹಾಗೆ ನಿಂತಿತ್ತು. ಹಿಂಡು ನಡುವೆ. ಒಂದು ತುದಿಯಲ್ಲಿ ಹುಲಿಗೆಪ್ಪ. ಇನ್ನೊಂದು ತುದಿ ಖಾಲಿ. ಅದರಿಂದ ಒಂದಿಷ್ಟು ಮುಂದೆ, ಮನೆಯ ದಾರಿ ಶುರುವಾಗುವ ಕಡೆ, ಆದೆಪ್ಪಜ್ಜ ಸಾಕ್ಷಿ ನಿಂತಿದ್ದ, ಅವನ ಪಕ್ಕದಲ್ಲಿ ಗಾಳೆಪ್ಪ. ಇಬ್ಬರ ಮುಖವೂ ಹಿಂಡಿನ ಕಡೆಗಿತ್ತು.

"ಗಾಳೆಪ್ಪನ ಕಡಿಂದ ಯಾರು?" ಎಂದ ಆದೆಪ್ಪಜ್ಜ.

ಗಾಳೆಪ್ಪ ಕೈ ಅಡ್ಡಾಡಿಸಿದ. ಯಾರೂ ಇಲ್ಲ, ಎಲ್ಲವೂ ತಮ್ಮನ ಹಿಂದೆ ಹೋಗಲಿ.

ಹಂಪವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ಖಾಲಿ ತುದಿಯಲ್ಲಿ ನಿಂತಳು. ಕೂಡಿದ ಜನ ಗುಸುಗುಸು ಎಂದರು. ಒಬ್ಬ ನಕ್ಕ. ಮುದಕಮ್ಮ ಕೂತಲ್ಲಿಂದಲೇ ಕೋಲೆತ್ತಿದಳು, "ನನ್ನ ಮನಿ ಸೊಸಿ ಆಕಿ. ಆಕಿ ಕರೀತಾಳ. ಯಾರಿಗರ ಹೊಟ್ಟಿನೋವು ಇದ್ರ ಇಲ್ಲಿ ಬರ್ರಿ, ಔಷಧಿ ಕೊಡ್ತೀನಿ."

"ಅತ್ತಿಗಿ, ನೀ ಯಾಕ..." ಎಂದು ಹುಲಿಗೆಪ್ಪ ದೂರದಿಂದ ಕೂಗಿದ. ಅವನ ದನಿಯಲ್ಲಿ ನಿಜವಾದ ಮರುಕವಿತ್ತು.

ಆದೆಪ್ಪಜ್ಜ ಕಟ್ಟಳೆ ಹೇಳಿದ. "ಕರದಾವ್ರು ತಮ್ಮ ಹಟ್ಟಿ ಮುಟ್ಟೂತನಕ ಹಿಂದ ತಿರುಗಿ ನೋಡಬಾರದು. ನೋಡಿದ್ರ ಕುರಿ ಮ್ಯಾಲೆ ನಂಬಿಕಿ ಇಲ್ಲ ಅಂದಂಗ. ಅವರ ಸಲುವಾಗಿ ಬ್ಯಾರೆ ಯಾರೂ ದನಿ ಮಾಡಬಾರದು. ನಡೀರಿನ್ನ."

ಹಂಪವ್ವ ಹಿಂಡಿಗೆ ಬೆನ್ನು ಮಾಡಿದಳು. ಹಿಂದೆ ಹುಲಿಗೆಪ್ಪನ ಹುರ್ರೋ ಎದ್ದಿತು, ದೊಡ್ಡ ಗಂಟಲು, ಬಯಲು ತುಂಬಿತು. ಕುರಿಗಳ ಕಾಲು ಸದ್ದು ಎದ್ದು ಅವಳಿಂದ ದೂರ ದೂರ ಹೋಗುವುದು ಅವಳಿಗೆ ಕೇಳಿಸಿತು. ತುಟಿ ಒಣಗಿತ್ತು. ನಾಲಿಗೆಯಿಂದ ಸವರಿಕೊಂಡು, ಕಣ್ಣು ಮುಚ್ಚಿ, ಹಾಕಿದಳು. ತಗ್ಗಿನಿಂದ ಏರಿತು, ಗುಟುಕು ತಡೆಯಿತು, ಉದ್ದಕ್ಕೆ ಇಳಿಯಿತು. ತಪ್ಪಲಿಲ್ಲ. ಎಲ್ಲೂ ತಪ್ಪಲಿಲ್ಲ.

ನಡೆಯತೊಡಗಿದಳು. ಹಿಂದೆ ಒಂದು ಕಾಲಿನ ಸದ್ದೂ ಇಲ್ಲ.

ಮತ್ತೆ ಹಾಕಿದಳು. ಹುಲಿಗೆಪ್ಪನ ಹಿಂದೆ ಹೋಗುವ ಕಾಲುಗಳು ದೂರದಲ್ಲಿ ಕೇಳುತ್ತಿವೆ. ತನ್ನ ಹಿಂದೆ ಮಾತ್ರ, ಬಯಲೇ ಇಲ್ಲದ ಹಾಗೆ, ಏನೂ ಇಲ್ಲ. ಒಂದು ಕುರಿ ಸಹ ಅರಚಲಿಲ್ಲ. ಹಕ್ಕಿಯ ಮಾತು ನಂಬಿ ಇಡೀ ಊರ ಮುಂದೆ ನಗೆಪಾಟಲಾದೆ, ಅವನನ್ನೂ ಮಾಡಿದೆ ಎನಿಸಿತು. ತಿರುಗಿ ನೋಡುವ ಹಾಗಿಲ್ಲ. ನೋಡಲು ಇದ್ದದ್ದು ಒಂದೇ, ಮುಂದೆ ನಿಂತ ಗಂಡನ ಮುಖ.

ನೋಡಿದಳು. ಗಾಳೆಪ್ಪನ ಬಾಯಿ ತೆರೆದಿತ್ತು. ಕಣ್ಣಿನಿಂದ ನೀರು ಇಳಿದು ಗಡ್ಡಕ್ಕೆ ಬಂದಿತ್ತು. ಭುಜ ಕುಲುಕುತ್ತಿದ್ದವು. ಅಳುತ್ತಿದ್ದಾನೆ ಎಂದುಕೊಂಡಳು, ಹತ್ತಿರ ಬಂದಾಗ ನಗುತ್ತಲೂ ಇದ್ದಾನೆ ಎಂದು ಕಂಡಿತು. ಹುಬ್ಬಳ್ಳಿಯಿಂದ ಬಂದ ಮೇಲೆ ಅವನ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು. ಅವಳಿಗೆ ಮೈಯೆಲ್ಲ ಉರಿಯಿತು.

"ನಗ್ತೀ ಏನು? ನಿನ್ನ ಸಲುವಾಗಿ ನಾ ಇಲ್ಲಿ..."

ಅವನು ಎರಡು ಅಂಗೈ ಜೋಡಿಸಿ ಕೆನ್ನೆಯ ಕೆಳಗಿಟ್ಟು, ಕಣ್ಣು ಮುಚ್ಚಿ, ತಲೆ ವಾಲಿಸಿ ತೋರಿಸಿದ. ಆಮೇಲೆ ಅವಳ ಬೆನ್ನ ಹಿಂದಿನ ಬಯಲಿನ ಕಡೆ ಗದ್ದ ಎತ್ತಿದ.

"ಏನು? ಮಲಗ್ಯಾವಾ?"

ಹೌದು ಎಂದು ತಲೆ ಆಡಿಸಿದ.

ಆದೆಪ್ಪಜ್ಜನೂ ಬಾಯಿ ಮೇಲೆ ಟವೆಲ್ ಇಟ್ಟುಕೊಂಡು ನಗುತ್ತಿದ್ದ. "ಎಲ್ಲಾ ಕಾಲು ಮಡಚಿ ಕುಂತಾವ ನೋಡವಾ. ಕೆಂದಿ ಅಂತೂ ಕಣ್ಣ ಮುಚ್ಚೈತಿ. ಅದು ಮಲಗ್ಸೂ ಸಿಳ್ಳು. ಸಂಜೀಕ ಹಟ್ಟಿ ಬಾಗಿಲಾ ಹಾಕಿದ ಮ್ಯಾಲೆ ಹಾಕೂದು. ಕರಿಯೂ ಸಿಳ್ಳು ಬ್ಯಾರೆ ಐತಿ, ಅದನ್ನ ಗುಡ್ಡದಾಗ ಹಾಕ್ತಿದ್ದ."

ಹಂಪವ್ವ ನಿಂತಲ್ಲೇ ನಿಂತಳು. ಒಲೆಯ ಮುಂದೆ ಕೂತವಳಿಗೆ ಸಿಳ್ಳು ಕೇಳುತ್ತದೆ, ಕುರಿ ಕಾಣುವುದಿಲ್ಲ. ಇಷ್ಟು ವರ್ಷ ಅವಳ ಮಟ್ಟಿಗೆ ಅದು ಗಂಡ ಮನೆಗೆ ಬಂದ ಸಿಳ್ಳು. ಮರದ ಮೇಲಿನ ಹಕ್ಕಿಗೂ ಅಷ್ಟೇ, ಅದು ಗೂಡಿಗೆ ಬರುವ ಹೊತ್ತಿನ ಸಿಳ್ಳು. ಗುಡ್ಡಕ್ಕೆ ಅವಳೂ ಹೋದವಳಲ್ಲ, ಹಕ್ಕಿಯೂ ಹೋದದ್ದಲ್ಲ. ಇಬ್ಬರೂ ಕೇಳಿದ್ದನ್ನೇ ಪೂರ್ತಿ ಎಂದುಕೊಂಡಿದ್ದರು. ಬೆಳಗ್ಗೆ ಬೆಳಗ್ಗೆ ಅದೇ ಸಿಳ್ಳನ್ನು ಹಾಕಿ ಹಾಕಿ ಹಿಂಡನ್ನು ಮತ್ತೆ ಮಲಗಿಸುತ್ತಿದ್ದವರು ಯಾರು ಎಂಬುದೂ ಈಗ ತಿಳಿಯಿತು.

"ಹಕ್ಕಿ ಹಂತ್ಯಾಕ ಕಲಿತೆ," ಎಂದಳು ಮೆಲ್ಲಗೆ. "ನೀ ಕಲಸಲಿಲ್ಲಲ್ಲ."

ಗಾಳೆಪ್ಪನ ನಗು ನಿಂತಿತು. ಅವಳನ್ನೇ ನೋಡಿದ. ತಾನು ಕಲ್ಲು ಬೀಸಿದ್ದು ಅವನಿಗೆ ನೆನಪಾಗಿರಬೇಕು. ಅಣಕ ಎಂದುಕೊಂಡದ್ದು ಅಣಕವಾಗಿರಲಿಲ್ಲ. ಅವನು ಕಳೆದುಕೊಂಡ ದಿನದಿಂದ ಆ ಹಕ್ಕಿ ಅದನ್ನು ಒಂದು ದಿನವೂ ಬಿಡದೆ ಇಟ್ಟುಕೊಂಡಿತ್ತು, ಇಟ್ಟುಕೊಂಡು ಈ ಹೆಂಗಸಿನ ಬಾಯಿಗೆ ದಾಟಿಸಿತ್ತು. ಅವನು ಎರಡು ಹೆಜ್ಜೆ ಮುಂದೆ ಬಂದು ಬಲ ಅಂಗೈಯನ್ನು ಅವಳ ತುಟಿಯ ಮುಂದೆ ಹಿಡಿದ, ಒಲೆಯ ಕಾವು ನೋಡುವ ಹಾಗೆ. ಎಡಗೈಯನ್ನು ಗಾಳಿಯಲ್ಲಿ ಎತ್ತಿದ.

"ಅಜ್ಜಾ, ಇದು ನಡಿತೈತೇನು?" ಎಂದು ಜನರಲ್ಲಿ ಯಾರೋ ಕೇಳಿದರು.

"ಬ್ಯಾರೆಯವ್ರು ದನಿ ಮಾಡಬಾರದು ಅಂತ ಐತಿ," ಎಂದ ಆದೆಪ್ಪಜ್ಜ. "ಅಂವಾ ಎಲ್ಲಿ ದನಿ ಮಾಡ್ಯಾನ?"

ಗಾಳೆಪ್ಪನ ಎಡಗೈ ಮೇಲಿನಿಂದ ಸರ್ರನೆ ಇಳಿಯಿತು, ಕೆಳಗೆ ತಿರುಗಿ ನಿಧಾನ ಏರಿತು, ಏರಿ ಏರಿ ತುದಿಯಲ್ಲಿ ಎರಡು ಸಲ ಮಿಡಿಯಿತು. ಹಂಪವ್ವ ಊದಿದಳು. ಅಲ್ಲ ಎಂದು ಅವನ ಅಂಗೈ ಅಲುಗಿತು, ಇನ್ನೂ ಮೃದು ಎಂದಿತು. ಮತ್ತೆ ಊದಿದಳು. ಏರಿನಲ್ಲಿ ಮುರಿಯಿತು. ಅವನು ಕಣ್ಣು ಮುಚ್ಚಿಕೊಂಡ. ಅವಳ ಉಸಿರು ಅವನ ಅಂಗೈಗೆ ಬಡಿಯುವುದೊಂದನ್ನೇ ಕೇಳುತ್ತಿದ್ದ, ಚರ್ಮದಿಂದ. ತನ್ನ ಬಾಯಿಯಿಂದ ಇನ್ನೆಂದೂ ಹೊರಡದ ಗಾಳಿ ಅವಳ ಬಾಯಿಯಿಂದ ಹೊರಟು ಅವನ ಕೈ ಸೇರುತ್ತಿತ್ತು. ದೂರದಲ್ಲಿ ಹುಲಿಗೆಪ್ಪನ ಹುರ್ರೋ ಊರಿನ ಆಚೆಯ ಇಳಿಜಾರಿನಲ್ಲಿ ಇಳಿದು ಸಣ್ಣದಾಯಿತು. ಬಿಸಿಲು ಹುಲ್ಲಿನಿಂದ ಎದ್ದು ಜನರ ಮುಖದ ಮೇಲೆ ಬಂತು. 

ಅವಳು ಇನ್ನೊಮ್ಮೆ ಹಾಕಿದಳು. ಇಳಿಯಿತು, ತಿರುಗಿತು, ಏರಿತು, ತುದಿಯಲ್ಲಿ ಮಿಡಿಯಿತು.

ಗಾಳೆಪ್ಪ ಕಣ್ಣು ಬಿಟ್ಟ. ಅವಳ ಭುಜದ ಮೇಲಿಂದ ಹಿಂದಕ್ಕೆ ನೋಡಿದ. ಹಂಪವ್ವ ಅವನ ಕಣ್ಣನ್ನೇ ನೋಡಿದಳು. ಮೊದಲು ಅವು ಒಂದೇ ಕಡೆ ನಿಂತಿದ್ದವು. ಆಮೇಲೆ ಮೆಲ್ಲಗೆ ಮೇಲೆದ್ದವು, ಏನೋ ಎದ್ದು ನಿಂತದ್ದನ್ನು ಕಂಡ ಹಾಗೆ. ಆಮೇಲೆ ಅತ್ತ ಇತ್ತ ಓಡಾಡಿದವು, ಒಂದರ ಹಿಂದೆ ಒಂದು ಏಳುವುದನ್ನು ಕಂಡ ಹಾಗೆ. ಅವನ ಮುಖ ಬೆಳಗಿತು, ಅವನ ಮುಖದಲ್ಲೇ ಅವಳು ಇಡೀ ಬಯಲನ್ನು ಕಂಡಳು.

"ಎದ್ದಾವಾ?"

ಅವನು ಅವಳ ಎರಡು ಭುಜ ಹಿಡಿದು ಮನೆಯ ದಾರಿಯ ಕಡೆ ನೇರ ಮಾಡಿದ. ನಡೆ ಎಂದು ಬೆನ್ನಿಗೆ ಕೈ ತಾಗಿಸಿದ.

ನಡೆದಳು. ಈ ಮನೆಗೆ ಬಂದಾಗಿನಿಂದ ಅವನ ಹಿಂದೆಯೇ ನಡೆದು ರೂಢಿಯಾದವಳಿಗೆ ಮುಂದೆ ಖಾಲಿ ದಾರಿ ಕಂಡು ಒಂದು ನಮೂನೆ ಅಂಜಿಕೆಯಾಯಿತು. ಸಿಳ್ಳು ಹಾಕಿದಳು, ನಡೆದಳು. ಹಿಂದೆ ಒಣಹುಲ್ಲು ಸರಸರ ಎಂದಿತು. ಸಣ್ಣ ಕಲ್ಲು ಉರುಳಿದವು. ಒಂದು ಮರಿ ತಾಯಿಯನ್ನು ಕರೆಯಿತು, ತಾಯಿ ಓಗೊಟ್ಟಿತು. ಇಳಿಬಿಟ್ಟ ಅವಳ ಕೈಗೆ ಒಂದು ತಣ್ಣನೆಯ ಮೂತಿ ಬಂದು ತಾಗಿ, ಮೂಸಿ, ಬೆರಳ ಸಂದಿಯಲ್ಲಿ ಒಮ್ಮೆ ಉಸಿರಿಟ್ಟಿತು. ಕೆಂದಿ ಇರಬೇಕು. ನೋಡಲಿಲ್ಲ. ಎಳೆಯ ಕುರಿಗಳು, ಮರಿಗಳಲ್ಲಿ ಬಹಳಷ್ಟು ಹುಲಿಗೆಪ್ಪನ ಹಿಂದೆ ಹೋಗಿದ್ದವು. ತನ್ನ ಹಿಂದೆ ಎಷ್ಟು ಬಂದವು ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕು ಎಂದೂ ಅನಿಸಲಿಲ್ಲ.

ಗಾಳೆಪ್ಪ ಪಕ್ಕದಲ್ಲಿ ಬರುತ್ತಾನೆ ಎಂದುಕೊಂಡಿದ್ದಳು. ಪಕ್ಕದಲ್ಲಿ ಇರಲಿಲ್ಲ. ಆದೆಪ್ಪಜ್ಜನ ಜೊತೆ ಅಲ್ಲೇ ನಿಂತುಬಿಟ್ಟನೇ? ಗಾಳಿಕಂಬದ ಕಡೆಯೇ ಹೋದನೇ? ತಿರುಗಿ ನೋಡುವ ಹಾಗಿಲ್ಲ. ಹಳ್ಳದ ದಂಡೆಗೆ ಬಂದು, ಉಸಿರು ತುಂಬಿಕೊಂಡು, ಮತ್ತೊಮ್ಮೆ ಕರೆದಳು. ಗೊರಸುಗಳ ಸದ್ದು ಹತ್ತಿರ ಬಂತು. ಆ ಸದ್ದಿನ ನಡುವೆ, ಅವುಗಳ ಜೊತೆಗೇ ಹೆಜ್ಜೆ ಹಾಕುತ್ತ, ಅವನ ಟೈರಿನ ಚಪ್ಪಲಿಯ ಸದ್ದೂ ಬಂತು.